ಬ್ರಸೆಲ್ಸ್‌ಗೆ ಹೋದಾಗ ಒಳ್ಳೆಯ ಬಿಯರ್ ಸಿಗುವ ಜಾಗ ಹುಡುಕುವುದು ಹೇಗೆ?

ಕಚೇರಿ ಕೆಲಸದ ಮೇಲೋ, ಯೂರೋಪ್ ಪ್ರವಾಸದ ನಡುವಿನ ಎರಡು ರಾತ್ರಿಗೋ ಬ್ರಸೆಲ್ಸ್‌ಗೆ ಬಂದಿಳಿಯುವ ಕನ್ನಡಿಗರು ಈಗ ಕಡಿಮೆಯೇನಲ್ಲ. ಅವರಲ್ಲಿ ಬಿಯರ್ ಇಷ್ಟಪಡುವವರು ಗ್ರಾಂಡ್ ಪ್ಲಾಸ್ ಚೌಕದ ಆಸುಪಾಸಿನಲ್ಲಿ ಎದುರಿಗೆ ಸಿಕ್ಕ ಮೊದಲ ಗದ್ದಲದ ಬಾರಿಗೆ ನುಗ್ಗಿ, ಗುಲಾಬಿ ಬಣ್ಣದ ಸಿಹಿ ಬಿಯರ್ ಒಂದನ್ನು ಕುಡಿದು, ಬೆಲ್ಜಿಯಂ ಬಿಯರ್ ಎಂದರೆ ಇಷ್ಟೇ ಎಂದುಕೊಂಡು ಊರು ಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜಗತ್ತಿನಲ್ಲಿ ಇನ್ನೆಲ್ಲೂ ಹೀಗೆ ಸಿಗದ ಬಿಯರ್, ಅದೇ ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುತ್ತದೆ. 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ಊರಿಗೆ ಬಂದು ಅದರ ರುಚಿ ಕಾಣದೆ ಹೋಗಬಾರದು.

ಅಪರಿಚಿತ ಊರಿನಲ್ಲಿ ಒಳ್ಳೆಯ ಬಿಯರ್ ಜಾಗ ಎಂದರೆ ಯಾವುದು? ನನ್ನ ಮಟ್ಟಿಗೆ ಉತ್ತರ ಸರಳ. ಆ ಊರಿನ ನೆಲದಲ್ಲೇ ಹುಟ್ಟಿದ ಬಿಯರನ್ನು, ಅದರ ಗುಣ ಬಲ್ಲವರು ಜೋಪಾನವಾಗಿ ಇಟ್ಟು, ಸರಿಯಾದ ಲೋಟದಲ್ಲಿ ಬಡಿಸುವ ಜಾಗ. ಪಟ್ಟಿಯಲ್ಲಿ ಎಷ್ಟು ಬಗೆಗಳಿವೆ ಎಂಬುದಕ್ಕೆ ಆಮೇಲಿನ ಸ್ಥಾನ.

ಹೊರಡುವ ಮುನ್ನ

ಬೆಂಗಳೂರಿನಲ್ಲಿ ಬಿಯರ್ ಕಲಿತವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. 2010ರಲ್ಲಿ ಇಂದಿರಾನಗರದ ಟಾಯ್ಟ್, ನಂತರ ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಹೀಗೆ ಒಂದರ ಹಿಂದೆ ಒಂದರಂತೆ ಬಂದವೆಲ್ಲ ಬಹುಮಹಡಿಯ ದೊಡ್ಡ ಜಾಗಗಳು. ಅಲ್ಲೇ ಕುದಿಸಿ ಅಲ್ಲೇ ಬಡಿಸುತ್ತಾರೆ, ಜೊತೆಗೆ ಊಟ, ಸಂಗೀತ, ಕ್ರಿಕೆಟ್ ಪರದೆ. ಹಾಗಾಗಿ ನಮ್ಮವರು ಹೊಸ ಊರಿನಲ್ಲೂ ಅಂಥದ್ದನ್ನೇ ಹುಡುಕುತ್ತಾರೆ. ಬ್ರಸೆಲ್ಸ್‌ನಲ್ಲಿ ಬಿಯರ್ ತಯಾರಾಗುವ ಜಾಗ ಬೇರೆ, ಚೆನ್ನಾಗಿ ಬಡಿಸುವ ಜಾಗ ಬೇರೆ ಆಗಿರುವುದೇ ಹೆಚ್ಚು. ಅತ್ಯುತ್ತಮ ಕೆಫೆಗಳು ಹತ್ತಿಪ್ಪತ್ತು ಮೇಜಿನ ಸಣ್ಣ ಕೋಣೆಗಳು. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕೆಂದು ಅನಿಸದೆಯೂ ಇರಬಹುದು.

ಆದ್ದರಿಂದ ಮೊದಲು ಅಂಗಡಿಯನ್ನು ಹುಡುಕಬೇಡಿ, ಬಿಯರನ್ನು ಹುಡುಕಿ. ಈ ಊರಿನದೇ ಆದ ಬಿಯರ್ ಯಾವುದು ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಅರ್ಧ ಗಂಟೆ ಓದಿಕೊಳ್ಳಿ. ಬ್ರಸೆಲ್ಸ್‌ನ ಉತ್ತರ ಲ್ಯಾಂಬಿಕ್.

ಸಾಮಾನ್ಯ ಬಿಯರಿಗೆ ಬ್ರೂವರ್ ತಾನು ಸಾಕಿದ ಯೀಸ್ಟನ್ನು ಹಾಕುತ್ತಾನೆ. ಲ್ಯಾಂಬಿಕ್‌ಗೆ ಹಾಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳಿನ) ಜೊತೆ ಮಾಲ್ಟ್ ಮಾಡದ ಹಸಿ ಗೋಧಿಯನ್ನು ಸೇರಿಸಿ, ವರ್ಷಗಟ್ಟಲೆ ಇಟ್ಟು ಕಹಿ ಇಳಿಸಿದ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಹಾಕಿ ಕುದಿಸಿದ ರಸವನ್ನು, ಅಟ್ಟದ ಮೇಲಿನ ಅಗಲವಾದ ತೆಳು ತೊಟ್ಟಿಗೆ ಹರಿಸಿ ರಾತ್ರಿಯಿಡೀ ಗಾಳಿಗೆ ಬಿಡುತ್ತಾರೆ. ಸೆನ್ ನದಿಯ ಕಣಿವೆಯ ಗಾಳಿಯಲ್ಲೂ ಆ ಹಳೆಯ ಕಟ್ಟಡದ ಮರದಲ್ಲೂ ಇರುವ ಸೂಕ್ಷ್ಮಜೀವಿಗಳು ಅದರೊಳಗೆ ಇಳಿಯುತ್ತವೆ. ಬೇಸಿಗೆಯ ಬೆಚ್ಚನೆಯ ರಾತ್ರಿಗಳಲ್ಲಿ ಬೇಡದ ಜೀವಿಗಳೂ ಸೇರಿಕೊಳ್ಳುವುದರಿಂದ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಕುದಿಸುತ್ತಾರೆ. ಆಮೇಲೆ ಮರದ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ ಇಡುತ್ತಾರೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಅಲ್ಲಿ ಮತ್ತೆ ಹುದುಗಿ ನೊರೆ ಕಟ್ಟುತ್ತದೆ. ಅದು ಗ್ಯೂಜ್. ಹುಳಿ ಚೆರಿಯನ್ನು ನೆನೆಹಾಕಿದರೆ ಕ್ರೀಕ್. ಇಷ್ಟು ತಿಳಿದುಕೊಂಡು ಹೋದರೆ ಯಾವ ಬಾರಿನ ಪಟ್ಟಿಯನ್ನಾದರೂ ಓದಬಲ್ಲಿರಿ.

ಇದರ ಜೊತೆ ಒಂದು ಲೇಬಲ್ ಪಾಠವೂ ಬೇಕು. ಗ್ಯೂಜ್ ಅಥವಾ ಕ್ರೀಕ್ ಎಂಬ ಹೆಸರು ಹೊತ್ತ ಬಾಟಲಿಗಳೆಲ್ಲ ಒಂದೇ ಅಲ್ಲ. ಸಕ್ಕರೆಯನ್ನೋ ಹಣ್ಣಿನ ರಸವನ್ನೋ ಸೇರಿಸಿ ಸಿಹಿ ಮಾಡಿದವೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ, ಪ್ರವಾಸಿಗರಿಗೆ ಸಾಮಾನ್ಯವಾಗಿ ಸಿಗುವುದೂ ಅವೇ. ಲೇಬಲ್ಲಿನಲ್ಲಿ ‘ಔಡೆ ಗ್ಯೂಜ್’, ‘ಔಡೆ ಕ್ರೀಕ್’ ಎಂದೋ ‘100% ಲ್ಯಾಂಬಿಕ್’ ಎಂದೋ ಇದ್ದರೆ ನಂಬಿ ತೆಗೆದುಕೊಳ್ಳಿ. ‘ಔಡೆ’ ಎಂಬ ಬಳಕೆಗೆ ಯೂರೋಪಿಯನ್ ಒಕ್ಕೂಟದ ರಕ್ಷಣೆ ಇದೆ.

ನಕ್ಷೆಯ ಮೇಲೆ ಗುರುತು

ಮೊಬೈಲಿನ ನಕ್ಷೆಯಲ್ಲಿ ‘ಬೆಸ್ಟ್ ಕ್ರಾಫ್ಟ್ ಬಿಯರ್’ ಎಂದು ಹುಡುಕಿದರೆ ಪ್ರವಾಸಿಗರು ಅತಿ ಹೆಚ್ಚು ಹೋಗುವ ಜಾಗಗಳೇ ಮೇಲೆ ಬರುತ್ತವೆ. ಬ್ರೂವರಿಯಿಂದ ಶುರುಮಾಡುವುದು ನನ್ನ ದಾರಿ. ಊರಿನ ಎರಡು ಮೂರು ಸಣ್ಣ ಬ್ರೂವರಿಗಳ ಹೆಸರು ಹಿಡಿದು, ಅವರ ಬಿಯರ್ ಯಾವ ಕೆಫೆಗಳಲ್ಲಿ ಸಿಗುತ್ತದೆ ಎಂದು ನೋಡಿ. ಬೇರೆ ಬೇರೆ ಬ್ರೂವರಿಗಳ ಬಿಯರ್ ಒಂದೇ ಕೆಫೆಯಲ್ಲಿ ಮತ್ತೆ ಮತ್ತೆ ಕಾಣಿಸಿದರೆ ಅದು ಒಳ್ಳೆಯ ಸುಳಿವು. ತಮ್ಮ ಬಿಯರನ್ನು ಎಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ಬ್ರೂವರಿಯವರಿಗೆ ಗೊತ್ತಿರುತ್ತದೆ.

ಬ್ರಸೆಲ್ಸ್‌ನಲ್ಲಿ ಹೀಗೆ ಗುರುತು ಹಾಕುತ್ತಾ ಹೋದರೆ ಕೆಲವು ಹೆಸರುಗಳು ತಾವಾಗಿಯೇ ಮೇಲೆ ಬರುತ್ತವೆ. ಆಂಡರ್ಲೆಕ್ಟ್‌ನ ಕಾಂಟಿಯೋನ್ ಬ್ರೂವರಿ. ಟೂರ್ ಎ ಟಾಕ್ಸಿ ಎಂಬ ಹಳೆಯ ಸರಕು ಕೇಂದ್ರದ ಆವರಣದಲ್ಲಿರುವ ಬ್ರಾಸರಿ ದ ಲಾ ಸೆನ್. ಹಳೆಯ ಷೇರುಪೇಟೆಯಾದ ಬೂರ್ಸ್ ಕಟ್ಟಡದಿಂದ ಸ್ವಲ್ಪವೇ ದೂರದ ಫೊಂತೆನಾ ಚೌಕದಲ್ಲೊಂದು, ಸ್ಯಾಂ ಜಿಲ್ ಬಡಾವಣೆಯಲ್ಲೊಂದು ಹೀಗೆ ಎರಡು ಕಡೆ ಇರುವ ಮೂಡರ್ ಲ್ಯಾಂಬಿಕ್ ಕೆಫೆ. ಒಂದೇ ಕೆಫೆಗೆ ಸಮಯವಿದ್ದರೆ ನಾನು ಮೂಡರ್ ಲ್ಯಾಂಬಿಕ್ ಎನ್ನುತ್ತೇನೆ. ಅಲ್ಲಿ ಬಡಿಸುವವರಿಗೆ ಬಿಯರ್ ಗೊತ್ತು, ಕೇಳಿದರೆ ಹೇಳುತ್ತಾರೆ.

ಡೆಲಿರಿಯಂ ಕೆಫೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ. 2004ರಲ್ಲಿ 2,004 ಬಗೆಯ ಬಿಯರ್ ಇಟ್ಟು ಗಿನ್ನೆಸ್ ದಾಖಲೆ ಮಾಡಿದ ಜಾಗ ಅದು. ಹೋಗಿ ನೋಡಿ, ತಪ್ಪೇನಿಲ್ಲ. ಆದರೆ ಅಷ್ಟು ಉದ್ದದ ಪಟ್ಟಿ ಎದುರಿಗಿದ್ದಾಗ ಮೊದಲ ಬಾರಿ ಬಂದವರಿಗೆ ಯಾವುದನ್ನು ಆರಿಸಬೇಕೆಂದು ಹೊಳೆಯುವುದಿಲ್ಲ, ಸಂಜೆಯ ಗದ್ದಲದಲ್ಲಿ ಕೇಳಿ ತಿಳಿಯುವುದೂ ಕಷ್ಟ.

ಅನ್‌ಟ್ಯಾಪ್ಡ್ ಎಂಬ ಆ್ಯಪ್ ಬಿಯರ್ ಪ್ರಿಯರ ನಡುವೆ ಚಾಲ್ತಿಯಲ್ಲಿದೆ. ಅದನ್ನು ಬಳಸಿ, ಆದರೆ ಅದರ ಅಂಕಗಳನ್ನು ನೆಚ್ಚಿಕೊಳ್ಳಬೇಡಿ. ಹೆಚ್ಚು ಆಲ್ಕೊಹಾಲಿನ, ದಟ್ಟ ರುಚಿಯ ಬಿಯರುಗಳಿಗೆ ಅಲ್ಲಿ ಧಾರಾಳವಾಗಿ ಅಂಕ ಬೀಳುತ್ತವೆ. ಹದವಾದ ಹಗುರ ಬಿಯರುಗಳು ಹಿಂದೆ ಉಳಿಯುತ್ತವೆ. ಸೆನ್ ಬ್ರೂವರಿಯ ತಾರಾಸ್ ಬುಲ್ಬಾ ಬರೀ 4.5 ಶೇಕಡಾ ಆಲ್ಕೊಹಾಲಿನದು. ಸಿಹಿಯಿಲ್ಲದ, ಚುರುಕಾದ ಕಹಿಯ ಆ ಬಿಯರನ್ನು ಅಂಕ ನೋಡಿ ಆರಿಸುವವರು ಎಂದೂ ಮುಟ್ಟಲಿಕ್ಕಿಲ್ಲ, ನನಗೆ ಮಾತ್ರ ಊರಿನ ಅತ್ಯಂತ ಪ್ರೀತಿಯ ಬಿಯರ್ ಅದು. ಆ್ಯಪಿನಲ್ಲಿ ನೋಡಬೇಕಾದದ್ದು, ಆ ಕೆಫೆಯಲ್ಲಿ ಕಳೆದ ಎರಡು ಮೂರು ದಿನಗಳಲ್ಲಿ ಜನ ಏನು ಕುಡಿದಿದ್ದಾರೆ ಎಂಬುದನ್ನು. ನಲ್ಲಿಗಳಲ್ಲಿ ಸದ್ಯ ಏನಿದೆ, ಎಷ್ಟು ಬೇಗ ಬದಲಾಗುತ್ತಿದೆ ಎಂದು ಅದರಿಂದ ತಿಳಿಯುತ್ತದೆ. ಜನ ಹಾಕಿದ ಫೋಟೊಗಳಲ್ಲಿ ಹಲಗೆಯ ಮೇಲಿನ ಪಟ್ಟಿ ಕಂಡರೆ ದೊಡ್ಡದು ಮಾಡಿ ಓದಿ.

ಕೊನೆಯದಾಗಿ, ಬಾಗಿಲು ತೆರೆಯುವ ದಿನ ಮತ್ತು ಹೊತ್ತು. ಸಣ್ಣ ಬ್ರೂವರಿಗಳು ವಾರದಲ್ಲಿ ಒಂದೆರಡು ದಿನ ಪೂರ್ತಿ ಮುಚ್ಚಿರುತ್ತವೆ, ತೆರೆದ ದಿನವೂ ಸಂಜೆಗೇ ಬಾಗಿಲು ಹಾಕುವುದುಂಟು. ಅವರದೇ ಜಾಲತಾಣದಲ್ಲಿ ಆ ವಾರದ ವೇಳೆ ನೋಡಿಕೊಂಡು, ಆ ಭೇಟಿಯ ಸುತ್ತ ಉಳಿದ ದಿನವನ್ನು ಹೊಂದಿಸಿ.

ಮೊದಲ ನಿಲುಗಡೆ ಬ್ರೂವರಿಯಾಗಲಿ

ಕಾಂಟಿಯೋನ್ ಶುರುವಾದದ್ದು 1900ರಲ್ಲಿ. ಮಿಡಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಬೀದಿ ಸಾಧಾರಣ, ಬಾಗಿಲೂ ಸಾಧಾರಣ, ಬ್ರೂವರಿ ಇಲ್ಲಿದೆ ಎಂದು ನಂಬುವುದೇ ಕಷ್ಟ. ಒಳಗೆ ಕಾಲಿಟ್ಟ ಕೂಡಲೇ ಹಳೆಯ ಮರದ, ತೇವದ, ಹುಳಿ ಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಟಿಕೆಟ್ ಕೊಂಡು ನಿಮ್ಮ ಪಾಡಿಗೆ ನೀವು ಸುತ್ತಾಡಬಹುದು.

ಮರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ತಾಮ್ರದ ಆ ತೆಳು ತೊಟ್ಟಿ ಕಾಣಿಸುತ್ತದೆ. ಇಡೀ ಕೋಣೆಯ ಅಗಲ, ಆಳ ಮಾತ್ರ ತೀರಾ ಕಡಿಮೆ. ಗಾಳಿ ಬರಲೆಂದೇ ಬಿಟ್ಟ ಕಿಂಡಿಗಳಿವೆ. ಕೆಳಗೆ ಪೀಪಾಯಿಗಳ ಸಾಲಿನ ನಡುವೆ ಜೇಡರ ಬಲೆಗಳು ಜೋತಾಡುತ್ತಿರುತ್ತವೆ. ಅವನ್ನು ಯಾರೂ ಗುಡಿಸುವುದಿಲ್ಲ. ಹುದುಗುವ ರಸಕ್ಕೂ ಹಣ್ಣಿಗೂ ಮುತ್ತಿಕೊಳ್ಳುವ ನೊಣಗಳನ್ನು ಜೇಡಗಳು ಹಿಡಿದು ತಿನ್ನುತ್ತವೆ. ಅಲ್ಲಿ ಕೀಟನಾಶಕ ಸಿಂಪಡಿಸಿದರೆ ಬಿಯರನ್ನು ಹುದುಗಿಸುವ ಜೀವಜಾಲವೇ ಕೆಡುತ್ತದೆ. ಪೀಪಾಯಿಗಳ ಮೇಲೆ ಸೀಮೆಸುಣ್ಣದ ಗುರುತುಗಳನ್ನು ನೋಡುತ್ತಾ ಅವುಗಳ ನಡುವೆ ನಿಧಾನವಾಗಿ ನಡೆಯಿರಿ. ಕೊನೆಗೆ ಲೋಟ ಕೈಗೆ ಬಂದಾಗ ಆ ಹುಳಿ ಎಲ್ಲಿಂದ ಬಂತು ಎಂದು ಯಾರೂ ವಿವರಿಸಬೇಕಾಗುವುದಿಲ್ಲ.

ಮೊದಲ ಗುಟುಕು ಅನೇಕರಿಗೆ ಬೆಚ್ಚಿಬೀಳಿಸುತ್ತದೆ. ಎಳೆಯ ಅಮಟೆಕಾಯಿ ಕಚ್ಚಿದಾಗ ಹಲ್ಲು ಜುಮ್ಮೆನ್ನುತ್ತದಲ್ಲ, ಆ ಬಗೆಯ ಹುಳಿ. ಅದಕ್ಕೇ ಹೆದರಿ ಲೋಟ ಕೆಳಗಿಡಬೇಡಿ. ಮೂರನೆಯ ಗುಟುಕಿಗೆ ನಾಲಿಗೆ ಹೊಂದಿಕೊಂಡು, ಹುಳಿಯ ಹಿಂದೆ ನಿಂಬೆ ಸಿಪ್ಪೆ, ಒಣಹುಲ್ಲು, ಹಳೆಯ ಮರದ ವಾಸನೆಗಳು ಒಂದೊಂದಾಗಿ ಮೇಲೇಳುತ್ತವೆ. ಪೀಪಾಯಿಯಿಂದ ನೇರ ಸುರಿದ ಲ್ಯಾಂಬಿಕ್‌ನಲ್ಲಿ ನೊರೆ ಇರುವುದಿಲ್ಲ, ಗುಳ್ಳೆಗಳೂ ಇರುವುದಿಲ್ಲ. ಅದು ಕೆಟ್ಟದ್ದಲ್ಲ, ಇರುವುದೇ ಹಾಗೆ.

ಬ್ರೂವರಿಗೆ ಹಗಲು ಹೊತ್ತಿನಲ್ಲೇ ಹೋಗಬೇಕೆನ್ನಲು ಇನ್ನೊಂದು ಕಾರಣವಿದೆ. ಜನ ಕಡಿಮೆ ಇರುವಾಗ ಬಡಿಸುವವರಿಗೆ ಮಾತಾಡಲು ಬಿಡುವಿರುತ್ತದೆ. ಸಂಜೆಗೆ ಎಲ್ಲಿ ಹೋಗಬೇಕೆಂದು ಅವರನ್ನೇ ಕೇಳಿ. ‘ಒಳ್ಳೆಯ ಬಾರ್ ಯಾವುದು?’ ಎಂದು ಕೇಳಿದರೆ ಎಲ್ಲರಿಗೂ ಹೇಳುವ ಉತ್ತರವೇ ಸಿಗುತ್ತದೆ. ‘ಇದು ಇಷ್ಟವಾಯಿತು. ಇಷ್ಟೇ ಹುಳಿಯ, ಆದರೆ ಹಣ್ಣು ಹಾಕಿದ್ದು ಈಗ ಎಲ್ಲಿ ಸಿಗುತ್ತದೆ?’ ಎಂದು ಕೇಳಿ ನೋಡಿ. ನಿಮಗೆ ಏನು ಹಿಡಿಸಿತು ಎಂದು ತಿಳಿದಮೇಲೆ ಬಿಯರ್ ಬಲ್ಲವರು ಕೈಬಿಡುವುದಿಲ್ಲ, ಚೀಟಿಯ ಮೇಲೆ ಹೆಸರು ಬರೆದೇ ಕೊಡುತ್ತಾರೆ.

ಒಳಗೆ ಹೋದಮೇಲೆ ನೋಡಬೇಕಾದದ್ದು

ಪಟ್ಟಿಯಿಂದ ಶುರುಮಾಡಿ. ಬಿಯರಿನ ಹೆಸರಿನ ಜೊತೆ ಬ್ರೂವರಿ, ಬಗೆ, ಆಲ್ಕೊಹಾಲಿನ ಪ್ರಮಾಣ, ಲೋಟದ ಅಳತೆ, ಬೆಲೆ ಇಷ್ಟೂ ಬರೆದಿದ್ದರೆ ಅಲ್ಲಿ ಯಾರೋ ಕಾಳಜಿಯಿಂದ ಕೆಲಸ ಮಾಡುತ್ತಿದ್ದಾರೆ ಎಂದರ್ಥ. ನಲ್ಲಿಗಳ ಸಂಖ್ಯೆಯನ್ನು ಜನರ ಸಂಖ್ಯೆಯ ಜೊತೆ ತೂಗಿ ನೋಡಿ. ನಲವತ್ತು ನಲ್ಲಿಗಳಿದ್ದು ನಾಲ್ಕೇ ಜನ ಕೂತಿದ್ದರೆ ಎಷ್ಟೋ ಪೀಪಾಯಿಗಳು ತೆರೆದು ವಾರಗಳೇ ಆಗಿರುತ್ತವೆ. ಹತ್ತೇ ನಲ್ಲಿಗಳಿದ್ದು ಮೇಜುಗಳು ತುಂಬಿದ್ದರೆ ಧೈರ್ಯವಾಗಿ ಕೂರಿ.

ಪಕ್ಕದ ಮೇಜಿನ ಲೋಟ ನೋಡಿ. ಕುಡಿಯುತ್ತಾ ಹೋದಂತೆ ಗಾಜಿನ ಒಳಮೈಯಲ್ಲಿ ನೊರೆ ಬಳೆ ಬಳೆಯಾಗಿ ಉಳಿದರೆ ಲೋಟ ಸ್ವಚ್ಛವಾಗಿದೆ. ಗುಳ್ಳೆಗಳು ಗಾಜಿಗೆ ಅಲ್ಲಲ್ಲಿ ಕಚ್ಚಿಕೊಂಡಿದ್ದರೆ ಜಿಡ್ಡೋ ಸೋಪೋ ಉಳಿದಿದೆ. ಮಂಜುಗಟ್ಟಿದ ಲೋಟದಲ್ಲಿ ಕೊಟ್ಟರೆ ನನಗೆ ಅನುಮಾನ ಬರುತ್ತದೆ, ಅತಿ ತಂಪು ಒಳ್ಳೆಯ ರುಚಿಯನ್ನೂ ಕೆಟ್ಟ ರುಚಿಯನ್ನೂ ಒಟ್ಟಿಗೇ ಮುಚ್ಚಿಹಾಕುತ್ತದೆ. ಬೆಲ್ಜಿಯಂನಲ್ಲಿ ಒಂದೊಂದು ಬಿಯರಿಗೂ ಅದರದೇ ಲೋಟ ಇರುತ್ತದೆ. ಒಳ್ಳೆಯ ಕೆಫೆಯವರು ಅದನ್ನು ತಪ್ಪದೆ ಪಾಲಿಸುತ್ತಾರೆ.

ಕೆಟ್ಟ ಬಿಯರನ್ನು ಗುರುತಿಸಲು ಮೂಗು ಸಾಕು. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರಿಗೆ ಗಾಳಿ ತಗುಲಿ ಹಳಸಿದೆ. ಬೆಣ್ಣೆಯ ವಾಸನೆ ಎದ್ದು ಹೊಡೆದರೆ ನಲ್ಲಿಯ ಕೊಳವೆ ತೊಳೆದಿಲ್ಲದಿರಬಹುದು. ಹಸಿರು ಬಾಟಲಿಯ ಬಿಯರ್ ಮೂಗು ಮುರಿಯುವಂತೆ ನಾತ ಹೊಡೆದರೆ ಅದಕ್ಕೆ ಬೆಳಕು ಬಿದ್ದಿದೆ. ಹಾಪ್ಸ್ ಹೆಚ್ಚಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಾಟಲಿ ತೆಗೆದುಕೊಳ್ಳುವಾಗ ತುಂಬಿದ ದಿನಾಂಕ ನೋಡಲೇಬೇಕು, ಎರಡು ಮೂರು ತಿಂಗಳಲ್ಲಿ ಅದರ ಪರಿಮಳ ಸೋರಿಹೋಗುತ್ತದೆ. ಗ್ಯೂಜ್‌ಗೆ ಈ ನಿಯಮ ಇಲ್ಲ. ವರ್ಷಗಳು ಕಳೆದಂತೆ ಅದು ಮಾಗುತ್ತದೆ.

ಎಷ್ಟು, ಯಾವ ಕ್ರಮದಲ್ಲಿ

ಸಣ್ಣ ಲೋಟದಿಂದ, ಹಗುರವಾದದ್ದರಿಂದ ಶುರುಮಾಡಿ ಗಾಢವಾದದ್ದರತ್ತ ಹೋಗಿ. ಬೆಲ್ಜಿಯಂನ ಲೋಟಗಳು ಸಾಮಾನ್ಯವಾಗಿ 250 ಅಥವಾ 330 ಮಿಲಿಲೀಟರಿನವು. ಬೆಂಗಳೂರಿನ ಅರ್ಧ ಲೀಟರ್ ಲೋಟಕ್ಕೆ ಒಗ್ಗಿದ ಕೈಗೆ ಇದು ಮಕ್ಕಳ ಲೋಟದಂತೆ ಕಾಣಬಹುದು, ಮೋಸಹೋಗಬೇಡಿ. 5 ಶೇಕಡಾ ಆಲ್ಕೊಹಾಲಿನ ಅರ್ಧ ಲೀಟರ್ ಬಿಯರಿನಲ್ಲಿ 25 ಮಿಲಿಲೀಟರ್ ಶುದ್ಧ ಆಲ್ಕೊಹಾಲ್ ಇದ್ದರೆ, ಇಲ್ಲಿಯ ಗಾಢ ಬಗೆಯ ಬಿಯರಾದ, 9 ಶೇಕಡಾದ 330 ಮಿಲಿಲೀಟರ್ ಟ್ರಿಪೆಲ್‌ನಲ್ಲಿ ಹೆಚ್ಚುಕಡಿಮೆ 30 ಇರುತ್ತದೆ. ಸಂಜೆಗೆ ನಡೆದು ಹೋಗುವಷ್ಟು ಹತ್ತಿರದ ಎರಡು ಕೆಫೆ ಸಾಕು. ನಡುವೆ ಹೊಟ್ಟೆಗೆ ಏನಾದರೂ ಬೀಳಲಿ. ಬಾಡಿಗೆ ಕಾರು ಹೋಟೆಲಿನಲ್ಲೇ ಇರಲಿ, ಟ್ರಾಮ್ ಮತ್ತು ಮೆಟ್ರೊ ಎಲ್ಲ ಕಡೆಗೂ ಹೋಗುತ್ತವೆ.

ಸಸ್ಯಾಹಾರಿಗಳು ಊಟದ ಚಿಂತೆ ಮಾಡಬೇಕಿಲ್ಲ. ಚೀಸ್ ತುಂಡುಗಳನ್ನು ಸಾಸಿವೆ ಗೊಜ್ಜಿನ ಜೊತೆ ಕೊಡುವುದು ಇಲ್ಲಿಯ ಕೆಫೆಗಳ ಹಳೆಯ ಪದ್ಧತಿ. ಬ್ರೆಡ್ಡಿನ ಮೇಲೆ ಬಿಳಿಯ ಮೆದು ಚೀಸ್ ಸವರಿ ಮೇಲೆ ಮೂಲಂಗಿ ಬಿಲ್ಲೆ ಜೋಡಿಸಿದ ತಿಂಡಿ ಸಿಕ್ಕರೆ ಗ್ಯೂಜ್ ಜೊತೆ ತಪ್ಪದೆ ತಿನ್ನಿ, ಅದರ ಹುಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಕುಡಿಯುವ ನೀರಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಕೊಟ್ಟಾದರೂ ಕುಡಿಯಿರಿ.

ಬೇರೆ ಊರಿಗೆ ಹೋದರೆ

ಇದೇ ದಾರಿ ಬೇರೆ ಕಡೆಯೂ ನಡೆಯುತ್ತದೆ, ಸ್ಥಳೀಯ ರೀತಿಯನ್ನಷ್ಟು ತಿಳಿದಿರಬೇಕು. ಜರ್ಮನಿಯ ಕಲೋನ್‌ನಲ್ಲಿ ಕೋಲ್ಷ್ ಬಿಯರನ್ನು 200 ಮಿಲಿಲೀಟರಿನ ಸಪೂರ ಲೋಟದಲ್ಲಿ ಕೊಡುತ್ತಾರೆ. ಲೋಟ ಖಾಲಿಯಾದಂತೆ ಕೇಳದೆಯೇ ಇನ್ನೊಂದು ಬರುತ್ತದೆ, ಸಾಕೆನಿಸಿದಾಗ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯನ್ನು ಲೋಟದ ಮೇಲೆ ಮುಚ್ಚಬೇಕು. ಪ್ರಾಗ್‌ನ ಪಟ್ಟಿಯಲ್ಲಿ 10, 12 ಎಂಬ ಡಿಗ್ರಿಗಳನ್ನು ಕಂಡು ಗಾಬರಿಯಾಗಬೇಡಿ. ಅದು ಹುದುಗುವ ಮುಂಚಿನ ರಸದ ಸಾಂದ್ರತೆ. ಹತ್ತು ಡಿಗ್ರಿಯದರಲ್ಲಿ ಆಲ್ಕೊಹಾಲ್ ಸುಮಾರು 4 ಶೇಕಡಾ ಇರುತ್ತದೆ.

ಲಂಡನ್‌ನಲ್ಲಿ ಪೀಪಾಯಿಯಲ್ಲೇ ಹುದುಗಿ ಮಾಗುವ, ಕೈಪಂಪಿನಿಂದ ಎಳೆದು ಕೊಡುವ ಕ್ಯಾಸ್ಕ್ ಏಲ್ ಹುಡುಕಿ. ಬ್ರಸೆಲ್ಸ್‌ನ ಲ್ಯಾಂಬಿಕ್‌ಗೆ ಇರುವ ಗೌರವ ಅಲ್ಲಿ ಅದಕ್ಕೆ ಸಲ್ಲಬೇಕು. 11ರಿಂದ 13 ಡಿಗ್ರಿ ಸೆಲ್ಸಿಯಸ್‌ನ ನೆಲಮಾಳಿಗೆಯ ತಂಪಿನಲ್ಲಿ ಬರುವುದರಿಂದ ನಮಗೆ ಅದು ಬೆಚ್ಚಗೆನಿಸಬಹುದು, ಅದೇ ಸರಿಯಾದ ಹದ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಮಾತ್ರ ಒಂದು ಮಾತು ಕೇಳಿಯೇ ಕುಡಿಯಬೇಕು. ಸಾಂಪ್ರದಾಯಿಕ ಕ್ಯಾಸ್ಕ್ ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ವಸ್ತುವನ್ನು ಬಳಸುವುದುಂಟು. ‘ವೀಗನ್’ ಎಂದು ಗುರುತು ಹಾಕಿದ ಏಲ್‌ಗಳೂ ಈಗ ಸಾಕಷ್ಟು ಸಿಗುತ್ತವೆ.

ಮನೆಗೆ ತರುವುದಾದರೆ

ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ತಲಾ 2 ಲೀಟರ್. ಬಿಯರೂ ಅದರಲ್ಲೇ ಸೇರುತ್ತದೆ. 750 ಮಿಲಿಲೀಟರಿನ ಮೂರು ಗ್ಯೂಜ್ ಬಾಟಲಿ ಕೊಂಡರೆ ಮಿತಿ ಮೀರುತ್ತದೆ. 375ರ ಐದು ಬಾಟಲಿ ಕೊಂಡರೆ ಮಿತಿಯೊಳಗೇ ಐದು ಬಗೆ ಸಿಗುತ್ತವೆ. ಬ್ರೂವರಿಯಲ್ಲೇ ಕೊಳ್ಳುವುದು ಒಳ್ಳೆಯದು, ಗ್ರಾಂಡ್ ಪ್ಲಾಸ್ ಸುತ್ತಲಿನ ಕಿಟಕಿಗಳಲ್ಲಿ ಬಿಸಿಲಿಗೆ ಒಡ್ಡಿಕೊಂಡು ನಿಂತ ಬಾಟಲಿಗಳನ್ನು ಮುಟ್ಟಬೇಡಿ. ಒಂದೊಂದನ್ನೂ ದಪ್ಪ ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ. ಮನೆಗೆ ಬಂದಮೇಲೆ ಕತ್ತಲಿನ ತಂಪು ಮೂಲೆಯಲ್ಲಿಟ್ಟು ಪ್ರಯಾಣದ ಕುಲುಕಾಟ ತಣಿಯಲು ಕೆಲವು ವಾರ ಬಿಡಿ. ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ತಳದ ಗಷ್ಟು ಕೆಳಗೆ ಕೂರುತ್ತದೆ. ಬಾಟಲಿಯನ್ನು ಅಲುಗಿಸದೆ ನಿಧಾನವಾಗಿ ಬಗ್ಗಿಸಿ, ಒಂದೇ ಸುರಿತದಲ್ಲಿ ಎರಡು ಲೋಟಗಳಿಗೆ ಹಂಚಿ.